ಆಯುಧವಿಲ್ಲದ ಯೋಧ: ಡೆಸ್ಮಂಡ್ ಡಾಸ್ (1919–2006)

ಎರಡನೇ ಮಹಾಯುದ್ಧದಲ್ಲಿ ಒಂದು ಗುಂಡನ್ನೂ ಹಾರಿಸದೆ ತಮ್ಮ ದೇಶದ ಅತ್ಯುನ್ನತ ಶೌರ್ಯ ಪದಕವನ್ನು ಪಡೆದವರು ಡೆಸ್ಮಂಡ್ ಥಾಮಸ್ ಡಾಸ್. ಅಮೆರಿಕದ ಸೇನೆಯಲ್ಲಿ ಅವರು ಗಾಯಾಳುಗಳ ಶುಶ್ರೂಷೆ ಮಾಡುವ ವೈದ್ಯಕೀಯ ಸಹಾಯಕರಾಗಿದ್ದರು. ಅವರ ಜೀವನದ ಪ್ರಮುಖ ಘಟ್ಟಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಡಾಸ್ ಅವರು 1919ರ ಫೆಬ್ರವರಿ 7ರಂದು ವರ್ಜೀನಿಯಾ ರಾಜ್ಯದ ಲಿಂಚ್‌ಬರ್ಗ್‌ನಲ್ಲಿ ಜನಿಸಿದರು. ತಂದೆ ಬಡಗಿ ವೃತ್ತಿಯವರು. ಕುಟುಂಬವು ಶನಿವಾರವನ್ನು ಪವಿತ್ರ ವಿಶ್ರಾಂತಿ ದಿನವಾಗಿ ಆಚರಿಸುವ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿತ್ತು. ಮನೆಯ ಗೋಡೆಯ ಮೇಲೆ ಬೈಬಲಿನ ಹತ್ತು ಆಜ್ಞೆಗಳ ಚಿತ್ರಪಟವಿತ್ತು. ಕೊಲ್ಲಬಾರದೆಂಬ ಆಜ್ಞೆಗೆ, ತಮ್ಮನನ್ನು ಕೊಂದ ಅಣ್ಣ ಕಾಯಿನನ ಚಿತ್ರವನ್ನು ಅಳವಡಿಸಲಾಗಿತ್ತು. ಒಡಹುಟ್ಟಿದವನನ್ನೇ ಒಬ್ಬನು ಹೇಗೆ ಕೊಲ್ಲಬಲ್ಲನೆಂಬ ಪ್ರಶ್ನೆ ಬಾಲಕನ ಮನಸ್ಸಿನಲ್ಲಿ ಆಳವಾಗಿ ಬೇರೂರಿತು.

ಸೇನೆಗೆ ಸೇರ್ಪಡೆ

ಯುದ್ಧಾರಂಭದ ವೇಳೆಗೆ ಡಾಸ್ ಅವರು ನ್ಯೂಪೋರ್ಟ್ ನ್ಯೂಸ್‌ನ ಹಡಗು ನಿರ್ಮಾಣ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಆ ಉದ್ಯೋಗದ ಕಾರಣದಿಂದ ಸೇನಾ ಸೇವೆಯಿಂದ ವಿನಾಯಿತಿ ಪಡೆಯುವ ಅವಕಾಶವಿದ್ದರೂ ಅದನ್ನು ಬಳಸಿಕೊಳ್ಳದೆ, 1942ರ ಏಪ್ರಿಲ್‌ನಲ್ಲಿ ಸೇನೆಗೆ ಸೇರಿದರು. ದೇಶಸೇವೆಗೆ ಅವರು ಸಿದ್ಧರಿದ್ದರು. ಕೊಲ್ಲಲು ಮಾತ್ರ ಸಿದ್ಧರಿರಲಿಲ್ಲ. ಆದುದರಿಂದ ತಮ್ಮನ್ನು ಯುದ್ಧವಿರೋಧಿ ಎನ್ನುವುದಕ್ಕಿಂತ, ಆತ್ಮಸಾಕ್ಷಿಗೆ ಅನುಗುಣವಾಗಿ ಸಹಕರಿಸುವವನೆಂದು ಕರೆದುಕೊಳ್ಳಲು ಇಷ್ಟಪಡುತ್ತಿದ್ದರು.

77ನೇ ಕಾಲಾಳು ಡಿವಿಷನ್‌ನಲ್ಲಿ ತರಬೇತಿ ಪಡೆಯುತ್ತಿದ್ದಾಗ ಅವರು ಬಂದೂಕನ್ನು ಮುಟ್ಟಲು ನಿರಾಕರಿಸಿದರು ಹಾಗೂ ಶನಿವಾರದ ವಿಶ್ರಾಂತಿಯನ್ನು ಕೋರಿದರು. ಇದರಿಂದ ಸಹಸೈನಿಕರ ಹಾಸ್ಯಕ್ಕೆ ಗುರಿಯಾದರು. ರಾತ್ರಿ ಪ್ರಾರ್ಥಿಸುವಾಗ ಅವರ ಮೇಲೆ ಬೂಟುಗಳನ್ನು ಎಸೆಯಲಾಗುತ್ತಿತ್ತು. ಮಾನಸಿಕ ಅಸ್ವಸ್ಥತೆಯ ಕಾರಣ ನೀಡಿ ಅವರನ್ನು ಸೇನೆಯಿಂದ ಹೊರಕಳುಹಿಸುವ ಪ್ರಯತ್ನವೂ ನಡೆಯಿತು. ನಂಬಿಕೆಯನ್ನು ಹುಚ್ಚೆಂದು ಒಪ್ಪಿಕೊಂಡು ಮನೆಗೆ ಹಿಂದಿರುಗಲು ಅವರು ಒಪ್ಪಲಿಲ್ಲ.

ಓಕಿನಾವಾ ಕದನ

1944ರಲ್ಲಿ ಗುವಾಮ್ ಹಾಗೂ ಫಿಲಿಪ್ಪೀನ್ಸ್‌ನ ಲೇಟೆ ದ್ವೀಪಗಳಲ್ಲಿ ಸೇವೆ ಸಲ್ಲಿಸಿದ ಡಾಸ್, 1945ರ ವಸಂತದಲ್ಲಿ ಜಪಾನಿನ ಓಕಿನಾವಾಕ್ಕೆ ತೆರಳಿದರು. ಅಲ್ಲಿನ ಮಾಯೆದಾ ಎಂಬಲ್ಲಿ ಸುಮಾರು 400 ಅಡಿ ಎತ್ತರದ ಕಡಿದಾದ ದಿಣ್ಣೆಯೊಂದಿತ್ತು. ಅದರ ತುದಿಯನ್ನು ಅಮೆರಿಕದ ಸೈನಿಕರು ಏರಿದೊಡನೆ ಫಿರಂಗಿ ಹಾಗೂ ಮಷಿನ್‌ಗನ್‌ಗಳ ದಾಳಿ ಆರಂಭವಾಯಿತು. ಚಲಿಸಬಲ್ಲವರು ಹಿಂದೆ ಸರಿದರು. ಗಾಯಗೊಂಡವರು ಮೇಲೆಯೇ ಉಳಿದರು. ಅವರೊಂದಿಗೆ ಡಾಸ್ ಅವರೂ ಉಳಿದರು.

ಅವರು ಗಾಯಾಳುಗಳನ್ನು ಒಬ್ಬೊಬ್ಬರಾಗಿ ಎತ್ತಿಕೊಂಡು ಅಥವಾ ಎಳೆದುಕೊಂಡು ದಿಣ್ಣೆಯ ಅಂಚಿಗೆ ತಂದು, ಹಗ್ಗದ ನೆರವಿನಿಂದ ಕೆಳಗೆ ಇಳಿಸಿದರು. ತರಬೇತಿಯ ಅವಧಿಯಲ್ಲಿ ಕಲಿತಿದ್ದ ಎರಡು ಕುಣಿಕೆಗಳ ಗಂಟು ಈ ಕಾರ್ಯಕ್ಕೆ ಉಪಯೋಗವಾಯಿತು. ಪ್ರತಿಯೊಬ್ಬರನ್ನು ಇಳಿಸಿದ ಬಳಿಕ, ಇನ್ನೊಬ್ಬರನ್ನು ಕಾಪಾಡಲು ಶಕ್ತಿ ನೀಡುವಂತೆ ದೇವರಲ್ಲಿ ಬೇಡಿಕೊಳ್ಳುತ್ತಿದ್ದರೆಂದು ಅವರು ಮುಂದೆ ಸ್ಮರಿಸಿಕೊಂಡಿದ್ದಾರೆ. ಉಳಿದವರ ಸಂಖ್ಯೆಯನ್ನು ಸೇನೆಯು 100 ಎಂದು ಅಂದಾಜಿಸಿತು. ಡಾಸ್ ಅವರು 50ಕ್ಕಿಂತ ಹೆಚ್ಚಿರಲಾರದೆಂದರು. ಕೊನೆಗೆ ದಾಖಲೆಯಲ್ಲಿ 75 ಎಂದು ನಮೂದಿಸಲಾಯಿತು. ಅವರನ್ನು ವರ್ಗಾಯಿಸಲು ಯತ್ನಿಸಿದ್ದ ಅಧಿಕಾರಿಯೇ ಮುಂದೆ, ತಮ್ಮ ಪ್ರಾಣ ಉಳಿದುದು ಡಾಸ್ ಅವರಿಂದ ಎಂದು ಒಪ್ಪಿಕೊಂಡರು.

ಮೇ 21ರಂದು ಗ್ರೆನೇಡ್ ಸ್ಫೋಟದಿಂದ ಡಾಸ್ ಅವರ ಕಾಲುಗಳಿಗೆ ತೀವ್ರ ಗಾಯಗಳಾದವು. ಇತರರನ್ನು ಅಪಾಯಕ್ಕೆ ಸಿಲುಕಿಸಬಾರದೆಂದು ತಾವೇ ಪಟ್ಟಿ ಕಟ್ಟಿಕೊಂಡು 5 ಗಂಟೆಗಳ ಕಾಲ ಕಾದರು. ಸ್ಟ್ರೆಚರ್ ಬಂದ ನಂತರವೂ, ದಾರಿಯಲ್ಲಿ ತಮಗಿಂತ ಹೆಚ್ಚು ಗಾಯಗೊಂಡ ಸೈನಿಕನನ್ನು ಕಂಡು, ಅದರಿಂದ ಇಳಿದು ಅವನಿಗೆ ಸ್ಥಳ ಬಿಟ್ಟುಕೊಟ್ಟರು. ಅನಂತರ ಗುಂಡು ತಗುಲಿ ಅವರ ತೋಳಿನ ಮೂಳೆ ಮುರಿಯಿತು. ಬಂದೂಕಿನ ಹಿಡಿಯ ಭಾಗವನ್ನು ದಬ್ಬೆಯಾಗಿ ಕಟ್ಟಿಕೊಂಡು, ಸುಮಾರು 300 ಗಜ ತೆವಳಿ ಚಿಕಿತ್ಸಾ ಕೇಂದ್ರವನ್ನು ತಲುಪಿದರು. ಮುಟ್ಟಲಾರೆನೆಂದಿದ್ದ ಬಂದೂಕು ಹೀಗೆ ಮುರಿದ ಮೂಳೆಗೆ ಆಸರೆಯಾಯಿತು.

1945ರ ಅಕ್ಟೋಬರ್ 12ರಂದು ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರು ಡಾಸ್ ಅವರಿಗೆ ಮೆಡಲ್ ಆಫ್ ಆನರ್ ಪದಕವನ್ನು ಪ್ರದಾನ ಮಾಡಿದರು. ಆತ್ಮಸಾಕ್ಷಿಯ ಕಾರಣದಿಂದ ಆಯುಧ ನಿರಾಕರಿಸಿದ್ದ ಸೈನಿಕರ ಪೈಕಿ ಈ ಗೌರವಕ್ಕೆ ಪಾತ್ರರಾದ ಮೊದಲಿಗರು ಅವರೇ.

ಯುದ್ಧಾನಂತರದ ಜೀವನ

ಪದಕ ದೊರೆತರೂ ಕಷ್ಟಗಳು ಮುಗಿಯಲಿಲ್ಲ. ಯುದ್ಧಕಾಲದಲ್ಲಿ ತಗುಲಿದ್ದ ಕ್ಷಯರೋಗಕ್ಕಾಗಿ ಅವರು ಐದು ವರ್ಷಗಳಿಗೂ ಹೆಚ್ಚು ಕಾಲ ಚಿಕಿತ್ಸೆ ಪಡೆಯಬೇಕಾಯಿತು. ಒಂದು ಶ್ವಾಸಕೋಶ ಹಾಗೂ 5 ಪಕ್ಕೆಲುಬುಗಳನ್ನು ಕಳೆದುಕೊಂಡು 1951ರಲ್ಲಿ ಆಸ್ಪತ್ರೆಯಿಂದ ಬಿಡುಗಡೆ ಹೊಂದಿದರು. ಖಾಯಂ ಉದ್ಯೋಗ ಸಾಧ್ಯವಾಗದ ಕಾರಣ ಪತ್ನಿ ಡೊರೊಥಿ ಅವರು ದಾದಿಯಾಗಿ ದುಡಿದು ಸಂಸಾರಕ್ಕೆ ನೆರವಾದರು. 1976ರಲ್ಲಿ ಔಷಧಿಯ ದುಷ್ಪರಿಣಾಮದಿಂದ ಡಾಸ್ ಅವರ ಶ್ರವಣಶಕ್ತಿ ಸಂಪೂರ್ಣವಾಗಿ ನಶಿಸಿತು. 1988ರಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯಿಂದ ಮತ್ತೆ ಕೇಳಿಸುವಂತಾಯಿತು. 1991ರಲ್ಲಿ ಕಾರು ಅಪಘಾತದಲ್ಲಿ ಪತ್ನಿಯನ್ನು ಕಳೆದುಕೊಂಡರು.

ಇಷ್ಟು ನೋವುಗಳ ನಡುವೆಯೂ ಅವರು ಕಹಿಯನ್ನು ಬೆಳೆಸಿಕೊಳ್ಳಲಿಲ್ಲ. ನಂಬಿಕೆಯ ಹೆಸರಿನಲ್ಲಿ ವೈದ್ಯರ ಚಿಕಿತ್ಸೆಯನ್ನು ದೂರವಿಡಲಿಲ್ಲ. ಚಿಕಿತ್ಸೆಯಿಂದ ಗುಣವಾಗದ ನಷ್ಟವನ್ನು ಸಹಿಸಲು ಪ್ರಾರ್ಥನೆಯನ್ನು ಆಶ್ರಯಿಸಿದರು. ಜಾರ್ಜಿಯಾ ರಾಜ್ಯದ ರೈಸಿಂಗ್ ಫಾನ್‌ನ ಸಣ್ಣ ಜಮೀನಿನಲ್ಲಿ ಬದುಕು ನಡೆಸುತ್ತಾ, ತಮ್ಮ ಪಂಥದ ಸಭೆಗಳಲ್ಲೂ ಯುವಜನರ ಶಿಬಿರಗಳಲ್ಲೂ ತಮ್ಮ ಅನುಭವವನ್ನು ಹಂಚಿಕೊಂಡರು. ತಾವು ಪಾರಾದುದರ ಹಿರಿಮೆಯನ್ನು ಸದಾ ದೇವರಿಗೇ ಸಲ್ಲಿಸುತ್ತಿದ್ದರು.

ಡಾಸ್ ಅವರು 2006ರ ಮಾರ್ಚ್ 23ರಂದು ಅಲಬಾಮಾದ ಪೀಡ್‌ಮಾಂಟ್‌ನಲ್ಲಿ ನಿಧನರಾದರು. ಟೆನೆಸ್ಸೀಯ ಚಟ್ಟನೂಗಾ ರಾಷ್ಟ್ರೀಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. 2016ರಲ್ಲಿ ತೆರೆಕಂಡ ಹ್ಯಾಕ್‌ಸಾ ರಿಡ್ಜ್ ಚಲನಚಿತ್ರವು ಅವರ ಕಥೆಯನ್ನು ಜಗತ್ತಿಗೆ ಪರಿಚಯಿಸಿತು.

ಕೊಲ್ಲಲಾರೆನೆಂದ ನಂಬಿಕೆಯೇ ಗಾಯಾಳುವನ್ನು ತೊರೆಯಲಾರೆನೆಂಬ ಧೈರ್ಯವಾಯಿತು. ಮುಂದೆ ತಾವೇ ರೋಗಿಯಾದಾಗ, ಅದೇ ನಂಬಿಕೆ ಅರ್ಧ ಉಸಿರಿನಲ್ಲೂ ನೆಮ್ಮದಿಯಿಂದ ಬಾಳಲು ಅವರಿಗೆ ಬಲ ನೀಡಿತು.