ಸರ್ ಸಿ. ವಿ. ರಾಮನ್ (1888–1970): ಮನೆಯ ವಾದ್ಯಗಳ ಲೆಕ್ಕ ಬಿಡಿಸಿದ ವಿಜ್ಞಾನಿ

1930ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದ ಸರ್ ಚಂದ್ರಶೇಖರ ವೆಂಕಟರಾಮನ್‌ರವರು ತಮ್ಮ ಜೀವನದ ಕೊನೆಯ 37 ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. ವೃತ್ತಿಜೀವನದ ಮೊದಲ 10 ವರ್ಷ ಅವರು ಸರ್ಕಾರಿ ನೌಕರರಾಗಿದ್ದರೆಂಬುದು ಅನೇಕರಿಗೆ ತಿಳಿದಿರುವುದಿಲ್ಲ.

ಶ್ರೀಯುತರು ದಿನಾಂಕ 7-11-1888ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿ, 1907ರಲ್ಲಿ ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿ, ಕಲ್ಕತ್ತೆಯಲ್ಲಿ ಸಹಾಯಕ ಮಹಾಲೇಖಪಾಲರಾಗಿ ನೇಮಕಗೊಂಡರು. ಕಚೇರಿಗೆ ಹೋಗುವ ಮುನ್ನ ಮತ್ತು ಕಚೇರಿ ಮುಗಿದ ನಂತರ, ಬೌಬಜಾರ್ ಬೀದಿಯ ವಿಜ್ಞಾನ ಸಂಘದ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದರು.

ಅವರ ಕುತೂಹಲ ಕೆರಳಿಸಿದ್ದು ದುಬಾರಿ ಉಪಕರಣಗಳಲ್ಲ. ಮನೆಮನೆಯಲ್ಲಿ ಕಾಣುವ ವಾದ್ಯಗಳು. 1909ರಲ್ಲಿಯೇ ಏಕತಾರಿಯ ಕುರಿತು ಲೇಖನ ಪ್ರಕಟಿಸಿದರು. 1917ರಲ್ಲಿ, ಸಂಬಳ ಸರಿಸುಮಾರು ಅರ್ಧಕ್ಕಿಳಿಯುವುದೆಂದು ತಿಳಿದೂ ಸರ್ಕಾರಿ ಹುದ್ದೆ ತ್ಯಜಿಸಿ, ಕಲ್ಕತ್ತಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು.

ತಂತಿಯನ್ನು ಮೀಟಿದ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಕೇಳಿಸಬಾರದೆಂಬುದು ಅಂದಿನ ನಿಯಮ. ತಂಬೂರಿ, ವೀಣೆಗಳಲ್ಲಿ ಅವು ಕೇಳಿಸುತ್ತವೆ. ಇದಕ್ಕೆ ಕುದುರೆಯ ಅಗಲವಾದ ಬಾಗಿದ ಮೈ ಹಾಗೂ ತಂಬೂರಿಯಲ್ಲಿ ಅದರ ಮೇಲಿಡುವ ನೂಲಿನ ಎಳೆ ಕಾರಣವೆಂದು 1921ರಲ್ಲಿ ವಿವರಿಸಿದರು.

ಮೃದಂಗದ ಸಮಸ್ಯೆ ಇದಕ್ಕಿಂತ ಸ್ವಾರಸ್ಯಕರವಾದುದು. ಬಿಗಿದ ಸಾಧಾರಣ ಚರ್ಮದ ಕಂಪನಗಳು ಪೂರ್ಣಾಂಕಗಳ ಅನುಪಾತದಲ್ಲಿರುವುದಿಲ್ಲ; ಆದುದರಿಂದ ಸ್ಪಷ್ಟ ಶ್ರುತಿ ಹುಟ್ಟುವುದಿಲ್ಲ. ಮಧ್ಯದಲ್ಲಿ ದಪ್ಪವಾಗಿ, ಅಂಚಿಗೆ ತೆಳುವಾಗಿ ಹಚ್ಚುವ ಕಪ್ಪು ಕರಣೆಯು ಮೊದಲ 9 ಬಗೆಯ ಕಂಪನಗಳನ್ನು 1, 2, 3, 4, 5ರ ಅನುಪಾತದ ಐದು ಸ್ವರಗಳಿಗೆ ಹೊಂದಿಸುತ್ತದೆ. ಚರ್ಮದ ಮೇಲೆ ನಯವಾದ ಮರಳು ಚೆಲ್ಲಿ, ಮರಳು ನಿಲ್ಲುವ ರೇಖೆಗಳಿಂದ ರಾಮನ್‌ರವರು ಇದನ್ನು ತೋರಿಸಿದರು. ವಾದ್ಯ ತಯಾರಕರು ಕಿವಿಯಿಂದಲೇ ಸಾಧಿಸಿದ್ದ ಗಣಿತಕ್ಕೆ ಇದರಿಂದ ವಿಜ್ಞಾನದ ಮನ್ನಣೆ ದೊರೆಯಿತು.

1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದ ಅವರು, 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನೂ 1948ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯನ್ನೂ ಸ್ಥಾಪಿಸಿದರು. ಮೃದಂಗದ ವಿಸ್ತೃತ ಅಧ್ಯಯನ ಅಕಾಡೆಮಿಯ ಪತ್ರಿಕೆಯ ಪ್ರಥಮ ಸಂಪುಟದಲ್ಲಿದೆ. ರಾಜಾಜಿನಗರಕ್ಕೆ ಸಮೀಪದ ಮಲ್ಲೇಶ್ವರದಲ್ಲಿ ಅವರ ನಿವಾಸ ‘ಪಂಚವಟಿ’ ಇದೆ. 1954ರಲ್ಲಿ ಭಾರತರತ್ನ ಪ್ರಶಸ್ತಿ ಸಂದಿತು. ದಿನಾಂಕ 21-11-1970ರಂದು ನಿಧನರಾದ ಅವರ ಅಂತ್ಯಕ್ರಿಯೆ ಸಂಶೋಧನಾ ಸಂಸ್ಥೆಯ ಆವರಣದಲ್ಲಿಯೇ ನೆರವೇರಿತು. ಅಲ್ಲಿ ಅವರ ನೆನಪಿಗೆ ನಿಂತಿರುವುದು ಒಂದು ಮರ.

ರಾಮನ್ ಪರಿಣಾಮವು ಪತ್ತೆಯಾದ ಫೆಬ್ರವರಿ 28ನ್ನು 1987ರಿಂದ ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತಿದೆ.