ಡಿಗ್ರಿ ಇಲ್ಲದ ಡಾಕ್ಟರ್ ಪೋರ್ಶೆ

ಅರಸೀಕೆರೆಯಲ್ಲಿ ರೈಲಿಳಿದು, ಬಸ್ಸು ಹಿಡಿದು, ಹಳೇಬೀಡು ಬೇಲೂರು ಎರಡೂ ಒಂದೇ ದಿನಕ್ಕೆ ನೋಡಿಕೊಂಡು ಬಂದ್ವಿ. ಬೇಲೂರಿನಲ್ಲಿ ನಮ್ಮನ್ನ ನಿಲ್ಲಿಸಿಬಿಟ್ಟದ್ದು ಮದನಿಕೆಯರಿಗಿಂತ ಹೆಚ್ಚಾಗಿ ಶಿಲ್ಪಿಗಳು ಬಿಟ್ಟುಹೋದ ಹೆಸರುಗಳು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸಕ್ಕೆ ತಮ್ಮ ಹೆಸರು ಕೆತ್ತಿದ್ದಾರೆ. 900 ವರ್ಷ ಆಯ್ತು.

ವಾಪಸ್ ಬರುವಾಗ ಬಸ್ಸಲ್ಲಿ ಮೆಕ್ಯಾನಿಕಲ್‌ನವರು ಮೊಬೈಲಲ್ಲಿ ಒಂದು ಹರಾಜಿನ ವಿಡಿಯೋ ಹಾಕಿದ್ರು. 2019ರ ಆಗಸ್ಟ್, ಕ್ಯಾಲಿಫೋರ್ನಿಯಾದ ಮಾಂಟೆರೆ. ಮಾರಾಟಕ್ಕಿದ್ದದ್ದು ಟೈಪ್ 64 ಅನ್ನೋ ಜರ್ಮನ್ ಸ್ಪೋರ್ಟ್ಸ್ ಕಾರು. ಮಾಡಿದ್ದ ಮೂರರಲ್ಲಿ ಉಳಿದದ್ದು ಅದೊಂದೇ, ಅದೂ ಬಹುಪಾಲು ಹಳೇ ರೂಪದಲ್ಲೇ. ಕೂಗಿದ್ದು 17 ಮಿಲಿಯನ್ ಡಾಲರ್, ಪರದೆ ಮೇಲೆ ಬಂದದ್ದು 70 ಮಿಲಿಯನ್! ತಪ್ಪು ಗೊತ್ತಾಯ್ತು, ಗಾಡಿ ಮಾರಾಟವಾಗದೇ ಉಳೀತು. ನಮ್ಮ ಜಗಳ ಅಲ್ಲಿಂದ ಶುರು. ಮೂತಿ ಮೇಲೆ ಪೋರ್ಶೆ ಅಂತ ಬರೆದಿದೆ ಸರಿ, ಆದ್ರೆ ಅದು ಯಾರ ಕಾರು? ಉತ್ತರ ಹುಡುಕ್ತಾ ಹೋದಾಗ ಸಿಕ್ಕಿದ್ದು ಫರ್ಡಿನಾಂಡ್ ಪೋರ್ಶೆಯ ಬದುಕು.

ಅವರು ಹುಟ್ಟಿದ್ದು 1875ರ ಸೆಪ್ಟೆಂಬರ್ 3ರಂದು, ಬೊಹೆಮಿಯಾದ ಮಾಫರ್ಸ್‌ಡಾರ್ಫ್‌ನಲ್ಲಿ. ಈಗ ಅದು ಚೆಕ್ ದೇಶ. ಅಪ್ಪ ತಗಡಿನ ಕೆಲಸದವರು, ಮಗನಿಗೆ ಕರೆಂಟಿನ ಹುಚ್ಚು. ಹಗಲು ಅಪ್ಪನ ಜೊತೆ ಕೆಲಸ, ರಾತ್ರಿ ತಾಂತ್ರಿಕ ಶಾಲೆ. 18ಕ್ಕೆ ವಿಯೆನ್ನಾಗೆ ಹೋಗಿ ವಿದ್ಯುತ್ ಕಂಪನಿ ಸೇರಿದ್ರು. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದ ಪಾಠಕ್ಕೆ, ಸೀಟು ಇಲ್ಲದಿದ್ದರೂ, ನುಸುಳಿ ಕೂರ್ತಿದ್ರಂತೆ. (ಸೀಟು ಸಿಕ್ಕಿರೋ ನಾವು ಅಟೆಂಡೆನ್ಸ್‌ಗೆ ಪರದಾಡ್ತೀವಿ.)

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಲೋನರ್ ಕಂಪನಿಗಾಗಿ ಅವರು ಮಾಡಿದ ವಿದ್ಯುತ್ ಕಾರು ಎಲ್ಲರ ಕಣ್ಣು ಸೆಳೀತು. ಮುಂದಿನ ಚಕ್ರಗಳ ಗುಂಬದೊಳಗೇ ಮೋಟರು, ಗೇರಿಲ್ಲ, ಚೈನಿಲ್ಲ. ಬ್ಯಾಟರಿಯ ಭಾರ ಕಾಡಿದಾಗ ಪೆಟ್ರೋಲ್ ಎಂಜಿನ್ನಿಗೆ ಜನರೇಟರ್ ಜೋಡಿಸಿ, ಆ ಕರೆಂಟಿಂದ ಚಕ್ರ ತಿರುಗಿಸಿದ್ರು. ಇವತ್ತು ನಾವು ಸೀರೀಸ್ ಹೈಬ್ರಿಡ್ ಅಂತ ಸೆಮಿನಾರ್ ಕೊಡ್ತೀವಲ್ಲ, ಅದೇ! ಡಿಗ್ರಿ ಕೊನೆಗೂ ಬರಲಿಲ್ಲ. 1917ರಲ್ಲಿ ವಿಯೆನ್ನಾದ ಆ ತಾಂತ್ರಿಕ ವಿಶ್ವವಿದ್ಯಾಲಯವೇ ಗೌರವ ಡಾಕ್ಟರೇಟ್ ಕೊಟ್ಟಿತು. ಕಂಪನಿಯ ಪೂರ್ತಿ ಹೆಸರಲ್ಲಿ ಗೌರವ ಡಾಕ್ಟರ್ ಅನ್ನೋ ಬಿರುದು ಇವತ್ತಿಗೂ ಇದೆ.

ಆಸ್ಟ್ರೋ ಡೈಮ್ಲರ್, ಆಮೇಲೆ ಸ್ಟುಟ್‌ಗಾರ್ಟಿನ ಡೈಮ್ಲರ್. ಸೂಪರ್‌ಚಾರ್ಜರ್ ಹಾಕಿದ ಮರ್ಸಿಡಿಸ್ ಕಾರುಗಳು ಆ ಕಾಲದವು. 1931ರಲ್ಲಿ ಸ್ವಂತ ವಿನ್ಯಾಸ ಕಚೇರಿ.

ಇಲ್ಲಿಂದ ಮುಂದಿನ ಕಥೆ ಅನೇಕರು ಬೇಗ ದಾಟಿಸಿಬಿಡ್ತಾರೆ. ನಮಗದು ಸರಿ ಅನ್ನಿಸಲ್ಲ. 1934ರಲ್ಲಿ ನಾಜಿ ಸರ್ಕಾರದ ಜನರ ಕಾರಿನ ಕೆಲಸ ಸಿಕ್ತು. ನಮ್ಮ ಪರಿಚಯದ ಬೀಟಲ್ ಅದೇ. 1937ರಲ್ಲಿ ಪೋರ್ಶೆ ಪಕ್ಷದ ಸದಸ್ಯರಾದ್ರು. ಯುದ್ಧ ಬಂದಾಗ ಸೈನ್ಯದ ವಾಹನ, ಟ್ಯಾಂಕುಗಳನ್ನೂ ವಿನ್ಯಾಸ ಮಾಡಿದ್ರು. ಫೋಕ್ಸ್‌ವ್ಯಾಗನ್ ಕಾರ್ಖಾನೆಯಲ್ಲಿ ಬಲವಂತದಿಂದ ಹಿಡಿದು ತಂದ ಜನ, ಸೆರೆಶಿಬಿರದ ಕೈದಿಗಳು ದುಡಿದ್ರು. ಅವರ ಹೆಸರು ಯಾವ ಬಾನೆಟ್ ಮೇಲೂ ಇಲ್ಲ.

ಟೈಪ್ 64 ಈ ಕಾಲದ ಕೂಸು. 1939ರ ಸೆಪ್ಟೆಂಬರಿನಲ್ಲಿ ಬರ್ಲಿನ್‌ನಿಂದ ರೋಮ್‌ಗೆ ರೇಸ್ ಇತ್ತು, ಬೀಟಲ್‌ಗೆ ಪ್ರಚಾರ ಆಗಲಿ ಅಂತ ಮಾಡಿದ ಗಾಡಿ. ಎಂಜಿನ್ ಬೀಟಲ್‌ನದೇ, ಗಾಳಿಯಿಂದ ತಣಿಯೋ ನಾಲ್ಕು ಸಿಲಿಂಡರ್. ಅಲ್ಯೂಮಿನಿಯಂ ಮೈ ಬರೆದದ್ದು ಅವರ ಕಚೇರಿಯ ಎರ್ವಿನ್ ಕೊಮೆಂಡಾ, ತಟ್ಟಿ ಮಾಡಿದ್ದು ರಾಯ್ಟರ್ ಕಂಪನಿ. ಯುದ್ಧ ಶುರುವಾಗಿ ರೇಸೇ ನಿಂತುಹೋಯ್ತು. ಮೂತಿ ಮೇಲಿನ ಹೆಸರು ಯುದ್ಧ ಮುಗಿದ ಮೇಲೆ ಮಗ ಫೆರಿ ಅಂಟಿಸಿದ್ದು.

ಆಗ ಅಪ್ಪ ಸೆರೆಯಲ್ಲಿದ್ರು. 1945ರ ಡಿಸೆಂಬರಿನಲ್ಲಿ ಫ್ರೆಂಚರು ಬಂಧಿಸಿದ್ದು, ಬಿಟ್ಟದ್ದು 1947ರ ಆಗಸ್ಟಿನಲ್ಲಿ. 1948ರಲ್ಲಿ ಫೆರಿ 356 ಕಾರು ಹೊರತಂದಾಗ ಪೋರ್ಶೆಗೆ 72. ಟೈಪ್ 64ರ ಮೈಕಟ್ಟು ಅದರಲ್ಲಿ ಕಾಣುತ್ತೆ. 1951ರ ಜನವರಿ 30ರಂದು ಅವರು ತೀರಿಕೊಂಡರು.

ಅಷ್ಟರಲ್ಲಿ ಟೈಪ್ 64 ಆಸ್ಟ್ರಿಯಾದ ರೇಸರ್ ಓಟೋ ಮಾಥೆಯ ಕೈ ಸೇರಿತ್ತು. ಬೈಕ್ ಅಪಘಾತದಲ್ಲಿ ಬಲಗೈ ಸ್ವಾಧೀನ ತಪ್ಪಿದ ಮನುಷ್ಯ. ಎಡಗೈಯಲ್ಲಿ ಗೇರ್ ಹಾಕಬೇಕಲ್ಲ, ಸ್ಟಿಯರಿಂಗನ್ನೇ ಬಲಗಡೆಗೆ ಬದಲಾಯಿಸಿಕೊಂಡ. 1950ರಲ್ಲಿ ಆಲ್ಪೈನ್ ರ‍್ಯಾಲಿ ಗೆದ್ದ. 1995ರಲ್ಲಿ ಸಾಯೋವರೆಗೂ ಗಾಡಿ ಮಾರಲಿಲ್ಲ. ಹಾಗಾದ್ರೆ ಆ ಸ್ಟಿಯರಿಂಗು ಮೂಲದ್ದಾ, ಅಲ್ವಾ? ಅರಸೀಕೆರೆ ಸ್ಟೇಷನ್ ಬಂದ್ರೂ ಮೆಕ್ಯಾನಿಕಲ್‌ನವರ ವಾದ ಮುಗಿದಿರಲಿಲ್ಲ.