ಬಡತನದ ಲೆಕ್ಕ ಬರೆದ ದಾದಾಭಾಯಿ

ಒಂದು ದೇಶ ಬಡದೇಶವೆಂದು ಹೇಳುವುದು ಸುಲಭ. ಎಷ್ಟು ಬಡದೇಶವೆಂದು ತೋರಿಸುವುದು ಸುಲಭವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತವನ್ನು ಆಳುತ್ತಿದ್ದ ಆಂಗ್ಲರು ತಮ್ಮ ಆಡಳಿತದಲ್ಲಿ ಈ ದೇಶ ಏಳಿಗೆ ಹೊಂದುತ್ತಿದೆಯೆಂದು ವರದಿಗಳಲ್ಲಿ ಬರೆಯುತ್ತಿದ್ದರು. ಹೊಸ ರೈಲುಮಾರ್ಗಗಳನ್ನೂ ಬೆಳೆಯುತ್ತಿದ್ದ ರಫ್ತನ್ನೂ ಅದಕ್ಕೆ ಸಾಕ್ಷಿಯಾಗಿ ತೋರಿಸುತ್ತಿದ್ದರು. ಆ ವರದಿಗಳನ್ನೇ ಮುಂದಿಟ್ಟುಕೊಂಡು, ಪ್ರಜೆಯೊಬ್ಬನ ಪಾಲಿಗೆ ವರ್ಷಕ್ಕೆ ಬರುವುದೆಷ್ಟೆಂದು ಮೊದಲು ಲೆಕ್ಕ ಹಾಕಿದವರು ದಾದಾಭಾಯಿ ನವರೋಜಿ.

ದಾದಾಭಾಯಿಯವರು 1825ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಬಡ ಪಾರ್ಸಿ ಪುರೋಹಿತರ ಮನೆಯಲ್ಲಿ ಹುಟ್ಟಿದರು. ಅವರಿಗೆ ನಾಲ್ಕು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಮಾಣೆಕ್‌ಬಾಯಿ ಮಗನನ್ನು ಕಷ್ಟಪಟ್ಟು ಸಾಕಿ, ಶಾಲೆಯನ್ನು ಬಿಡಿಸದೆ ಓದಿಸಿದರು. ಆಗ ಶಾಲೆಯಲ್ಲಿ ಶುಲ್ಕವಿರಲಿಲ್ಲ. ಇದ್ದಿದ್ದರೆ ಈ ಹುಡುಗನ ವಿದ್ಯೆ ಅಲ್ಲಿಗೇ ನಿಲ್ಲುತ್ತಿತ್ತು. ತಾನು ಕಲಿತದ್ದು ಬಡವರು ತೆತ್ತ ಹಣದಿಂದ, ಅದನ್ನು ಜನರಿಗೇ ಹಿಂದಿರುಗಿಸಬೇಕು ಎಂಬ ಭಾವನೆ ಅವರ ಮನಸ್ಸಿನಲ್ಲಿ ಎಳವೆಯಲ್ಲಿಯೇ ಬೇರೂರಿತು. 1849ರಲ್ಲಿ ಗೆಳೆಯರೊಡನೆ ಸೇರಿ ಅವರು ಹೆಣ್ಣುಮಕ್ಕಳ ಶಾಲೆಗಳನ್ನು ತೆರೆದರು. ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರಾದರು. ಅಲ್ಲಿ ಆ ಪದವಿಗೇರಿದ ಮೊದಲ ಭಾರತೀಯರು ಅವರೇ.

1855ರಲ್ಲಿ ಕಾಮಾ ಮನೆತನದ ವ್ಯಾಪಾರ ಸಂಸ್ಥೆಯ ಪಾಲುದಾರರಾಗಿ ದಾದಾಭಾಯಿ ಇಂಗ್ಲೆಂಡಿಗೆ ಹೋದರು. ಕೆಲವೇ ವರ್ಷಗಳಲ್ಲಿ ನೈತಿಕ ಕಾರಣಗಳಿಗಾಗಿ ಆ ಸಂಸ್ಥೆಯನ್ನು ಬಿಟ್ಟು, ಸ್ವಂತವಾಗಿ ಹತ್ತಿಯ ವ್ಯಾಪಾರ ಹೂಡಿದರು. ವ್ಯಾಪಾರದ ನಡುವೆಯೂ ಅವರ ಚಿತ್ತ ತಾಯ್ನಾಡಿನ ಕಡೆಗೇ ಇತ್ತು. 1866ರಲ್ಲಿ ಒರಿಸ್ಸಾದಲ್ಲಿ ಘೋರ ಕ್ಷಾಮ ತಲೆದೋರಿ ಸುಮಾರು 10 ಲಕ್ಷ ಜನ ಮಡಿದರು. ಅದೇ ವರ್ಷ ದಾದಾಭಾಯಿ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿ, ಭಾರತದ ನಿಜಸ್ಥಿತಿಯನ್ನು ಆಂಗ್ಲ ಜನತೆಯ ಮುಂದಿಡತೊಡಗಿದರು.

ಏಳಿಗೆಯ ಮಾತನ್ನು ಅಂಕಿಗಳಿಂದಲೇ ಪರೀಕ್ಷಿಸಬೇಕೆಂದು ಅವರು ನಿಶ್ಚಯಿಸಿದರು. ಕೆಲಸ ಬಹು ತೊಡಕಿನದು. ಒಂದೊಂದು ಪ್ರಾಂತ್ಯದಲ್ಲಿಯೂ ಯಾವ ಬೆಳೆ ಎಷ್ಟು ಎಕರೆಯಲ್ಲಿದೆ, ಎಕರೆಗೆ ಇಳುವರಿಯೆಷ್ಟು, ಪೇಟೆಯ ಧಾರಣೆಯೆಷ್ಟು ಎಂಬುದನ್ನು ಸರ್ಕಾರಿ ಕಡತಗಳಿಂದ ಹೆಕ್ಕಬೇಕಾಗಿತ್ತು. ಹಾಗೆ ಹೆಕ್ಕುವಾಗ ಗಣಿತದ ಈ ಮೇಷ್ಟರಿಗೆ ಒಂದು ದೊಡ್ಡ ತಪ್ಪು ಕಣ್ಣಿಗೆ ಬಿತ್ತು. ಅಧಿಕಾರಿಗಳು ಜಿಲ್ಲೆಗಳ ಇಳುವರಿಯನ್ನು ಸುಮ್ಮನೆ ಕೂಡಿ, ಜಿಲ್ಲೆಗಳ ಸಂಖ್ಯೆಯಿಂದ ಭಾಗಿಸಿ ಸರಾಸರಿಯೆಂದು ಬರೆಯುತ್ತಿದ್ದರು. ಒಂದು ಜಿಲ್ಲೆಯ 1 ಲಕ್ಷ ಎಕರೆಯಲ್ಲಿ ಎಕರೆಗೆ 10 ಮಣ, ಇನ್ನೊಂದರ 1 ಸಾವಿರ ಎಕರೆಯಲ್ಲಿ ಎಕರೆಗೆ 20 ಮಣ ಬೆಳೆಯಿತೆಂದು ಭಾವಿಸೋಣ. ಅಧಿಕಾರಿಗಳ ಲೆಕ್ಕದಲ್ಲಿ ಸರಾಸರಿ 15 ಮಣ; ನಿಜವಾದ ಸರಾಸರಿ 10 ಮಣಕ್ಕಿಂತ ತುಸುವೇ ಹೆಚ್ಚು. ಕಾಗದದ ಮೇಲೆ ರೈತನ ಕಣಜ ಹೀಗೆ ತುಂಬುತ್ತಿತ್ತು!

ದಾದಾಭಾಯಿಯವರು ಈ ತಪ್ಪನ್ನು ತಿದ್ದಿ, ಗಣಿ, ಕೈಗಾರಿಕೆ ಮೊದಲಾದವುಗಳ ಉತ್ಪನ್ನವನ್ನೂ ಸೇರಿಸಿದರು. 1867ರಿಂದ 1870ರವರೆಗಿನ ಅಂಕಿಗಳ ಆಧಾರದ ಮೇಲೆ ಬ್ರಿಟಿಷ್ ಭಾರತದ ವಾರ್ಷಿಕ ಉತ್ಪನ್ನ ಸುಮಾರು 340 ಕೋಟಿ ರೂಪಾಯಿ, ಜನಸಂಖ್ಯೆ 17 ಕೋಟಿ ಎಂದು ಕಂಡುಕೊಂಡರು. ತಲೆಗೆ ವರ್ಷಕ್ಕೆ ಬಂದದ್ದು 20 ರೂಪಾಯಿ. ಇದು ಸಿರಿವಂತರನ್ನೂ ಸೇರಿಸಿದ ಸರಾಸರಿಯಾದುದರಿಂದ ಕೂಲಿಕಾರನ ಪಾಲು ಇನ್ನೂ ಕಡಿಮೆಯಾಗಿತ್ತು. ಈ ಮೊತ್ತದಲ್ಲಿ ಬದುಕಲಾದೀತೇ ಎಂಬುದನ್ನು ತಿಳಿಯಲು ಅವರು ಸೆರೆಮನೆಗಳ ವರದಿಗಳನ್ನು ತೆರೆದರು. ಕೈದಿಯ ಅನ್ನಬಟ್ಟೆಗೆ ಸರ್ಕಾರ ಮಾಡುತ್ತಿದ್ದ ವೆಚ್ಚ ಹೊರಗಿನ ಪ್ರಜೆಯ ಸರಾಸರಿ ವರಮಾನಕ್ಕಿಂತ ಹೆಚ್ಚಾಗಿತ್ತು. ಅಪರಾಧ ಮಾಡಿದವನಿಗೆ ಸಿಗುತ್ತಿದ್ದಷ್ಟು ಅನ್ನ ಉಳುವವನಿಗೆ ದಕ್ಕುತ್ತಿರಲಿಲ್ಲ.

ದೇಶದ ಉತ್ಪನ್ನವೆಲ್ಲವೂ ದೇಶದಲ್ಲಿ ಉಳಿಯುತ್ತಲೂ ಇರಲಿಲ್ಲ. ಲಂಡನ್ನಿನ ಭಾರತ ಕಚೇರಿಯ ಖರ್ಚು, ನಿವೃತ್ತ ಅಧಿಕಾರಿಗಳ ಪಿಂಚಣಿ, ಸಾಲದ ಬಡ್ಡಿ ಎಲ್ಲವೂ ಭಾರತದ ತೆರಿಗೆಯಿಂದಲೇ ಸಲ್ಲಬೇಕಾಗಿತ್ತು. ಇಲ್ಲಿದ್ದ ಆಂಗ್ಲ ಅಧಿಕಾರಿಗಳ ಉಳಿತಾಯವೂ ಕಡಲು ದಾಟುತ್ತಿತ್ತು. ರಫ್ತು ಹೆಚ್ಚಿದ್ದು ನಿಜ. ಆದರೆ ಅದರ ಒಂದು ಪಾಲಿಗೆ ಪ್ರತಿಯಾಗಿ ಭಾರತಕ್ಕೆ ಏನೂ ಬರುತ್ತಿರಲಿಲ್ಲ. ಬಂಡವಾಳ ಹೀಗೆ ಸೋರಿಹೋಗುವ ದೇಶದಲ್ಲಿ ಕೈಗಾರಿಕೆ ಬೆಳೆಯುವುದು ಹೇಗೆಂದು ದಾದಾಭಾಯಿ ಕೇಳಿದರು.

1876ರಲ್ಲಿ ಈ ಲೆಕ್ಕವನ್ನು ಅವರು ಮುಂಬಯಿಯ ಸಭೆಯಲ್ಲಿ ಮಂಡಿಸಿದರು. ಭಾರತ ಕಚೇರಿಯ ಅಧಿಕಾರಿಗಳು ಆಕ್ಷೇಪಿಸಿದಾಗ ಒಂದೊಂದು ಅಂಕಿಗೂ ಉತ್ತರ ಬರೆದರು. ಅವರ ಲೆಕ್ಕ ನಿಷ್ಕೃಷ್ಟವಾದುದೆನ್ನುವಂತಿಲ್ಲ. ವರ್ತಕರು, ನೌಕರರು ಮುಂತಾದವರ ಸೇವೆಯ ಮೌಲ್ಯವನ್ನು ಅವರು ಕೈಬಿಟ್ಟಿದ್ದರು. ಆದರೆ 1882ರಲ್ಲಿ ಸರ್ಕಾರವೇ ಮಾಡಿಸಿದ ಅಂದಾಜು ಕೂಡ 27 ರೂಪಾಯಿಯನ್ನು ದಾಟಲಿಲ್ಲ.

ಕಾನೂನು ಮಾಡುವ ಸಭೆಯಲ್ಲಿಯೇ ಈ ಮಾತನ್ನಾಡಬೇಕೆಂದು ದಾದಾಭಾಯಿ ಬ್ರಿಟಿಷ್ ಪಾರ್ಲಿಮೆಂಟಿನ ಚುನಾವಣೆಗೆ ನಿಂತರು. 1886ರಲ್ಲಿ ಸೋತರು. ಪ್ರಧಾನಮಂತ್ರಿ ಸಾಲಿಸ್‌ಬರಿ ಅವರ ಮೈಬಣ್ಣವನ್ನು ಕುರಿತು ಹಗುರವಾಗಿ ಮಾತನಾಡಿದರು. ಅದರಿಂದ ಅನೇಕ ಆಂಗ್ಲರಿಗೇ ನಾಚಿಕೆಯಾಯಿತು. 1892ರಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರದಿಂದ ಕೇವಲ 5 ಮತಗಳ ಅಂತರದಿಂದ ಗೆದ್ದರು. ಭಾರತೀಯರಿಗೆ ದೊಡ್ಡ ಹುದ್ದೆಗಳು ದೊರೆತರೆ ಸಂಬಳದ ಹಣ ದೇಶದಲ್ಲಿಯೇ ಉಳಿಯುವುದೆಂಬುದು ಅವರ ವಾದ. ಆದುದರಿಂದ ಸಿವಿಲ್ ಸರ್ವಿಸ್ ಪರೀಕ್ಷೆಯನ್ನು ಭಾರತದಲ್ಲಿಯೂ ನಡೆಸಬೇಕೆಂದು ಒತ್ತಾಯಿಸಿದರು. 1893ರಲ್ಲಿ ಕಾಮನ್ಸ್ ಸಭೆ ಆ ನಿರ್ಣಯವನ್ನು ಅಂಗೀಕರಿಸಿತು. ಸರ್ಕಾರ ಅದನ್ನು ಜಾರಿಗೆ ತರಲಿಲ್ಲ.

ಆಂಗ್ಲರ ನ್ಯಾಯಬುದ್ಧಿಯಲ್ಲಿ ದಾದಾಭಾಯಿಯವರಿಗಿದ್ದ ನಂಬಿಕೆ ದೀರ್ಘವಾದುದು. ಬಹುಶಃ ಅತಿ ದೀರ್ಘವಾದುದು. 1901ರಲ್ಲಿ ತಮ್ಮ ಬರಹಗಳನ್ನು ಗ್ರಂಥರೂಪದಲ್ಲಿ ಹೊರತಂದಾಗಲೂ ಅವರು ಭಾರತದ ಆಡಳಿತವನ್ನು ಬ್ರಿಟಿಷರಿಗೆ ತಕ್ಕದ್ದಲ್ಲದ ಆಡಳಿತವೆಂದೇ ಕರೆದರು. 1906ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದ ವೇಳೆಗೆ ಅವರಿಗೆ 81 ವರ್ಷ. ದನಿ ಕುಗ್ಗಿದ್ದರಿಂದ ಅವರ ಅಧ್ಯಕ್ಷ ಭಾಷಣವನ್ನು ಗೋಪಾಲಕೃಷ್ಣ ಗೋಖಲೆಯವರು ಓದಿದರು. ಸ್ವರಾಜ್ಯವೇ ಭಾರತದ ಗುರಿಯೆಂದು ಆ ಭಾಷಣ ಸಾರಿತು.

ದಾದಾಭಾಯಿ 1917ರ ಜೂನ್ 30ರಂದು ಮುಂಬಯಿಯಲ್ಲಿ ಕಣ್ಮುಚ್ಚಿದರು. ಅವರು ಬೇಡಿದ ಪರೀಕ್ಷೆ ಭಾರತದ ನೆಲದಲ್ಲಿ ಮೊದಲು ನಡೆದದ್ದು 1922ರಲ್ಲಿ. ಅವರು ತೊಡಗಿಸಿದ ಲೆಕ್ಕವನ್ನು 1930ರ ದಶಕದಲ್ಲಿ ವಿ. ಕೆ. ಆರ್. ವಿ. ರಾವ್ ಅವರು ಹೊಸ ಕ್ರಮದಿಂದ ಮುಂದುವರಿಸಿದರು. ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದವರೂ ಅವರೇ.